ಡಿಸ್ಚಾರ್ಜ್ ಬುಕ್ಕಲ್ಲಿ ಮೆಡಲೇ ಇಲ್ಲ, ಈಗ ಎಂತ ಮಾಡೋದು?

ಈ ಸಲ ಕೈಲ್‌ಪೊಳ್ದ್, ಅಂದ್ರೆ ನಮ್ಮ ಕೊಡಗಿನ ಆಯುಧ ಪೂಜೆ ಹಬ್ಬದ ದಿನ ಪಕ್ಕದ ತೋಟದ ಅಜ್ಜನ ಐನ್‌ಮನೆಗೆ (ಮನೆತನದ ಮೂಲ ಮನೆಗೆ) ಹೋಗಿದ್ದೆ. ದೀಪ ಇಡೋ ನಡುಮನೆ, ನೆಲ್ಲಕ್ಕಿ ನಡುಬಾಡೇಲಿ ಕೋವಿ, ಒಡಿಕತ್ತಿ ಎಲ್ಲ ಇಟ್ಟು ತೋಕ್‌ಪೂ ಹೂವು ಸಿಕ್ಕಿಸಿ ಪೂಜೆ ಆಯ್ತು, ಕಡಂಬಿಟ್ಟು ಪಂದಿಕರಿ ಊಟಾನೂ ಆಯ್ತು, ಆಮೇಲೆ ಬೆಂಗಳೂರಿಂದ ಬಂದಿದ್ದ ಮೊಮ್ಮಗ ಅಜ್ಜನ ಮೆಡಲ್‌ಗಳನ್ನ ಫ್ರೇಮ್ ಹಾಕಿಸ್ತೀನಿ ಅಂತ ಹಳೇ ಕಪ್ಪು ಟ್ರಂಕ್ ತೆಗೆದ. ಅಜ್ಜ 1971ರ ಯುದ್ಧದಲ್ಲಿ ಪೂರ್ವದ ಕಡೆ ಇದ್ದವರು, ಆ ಕಥೆ ನಮ್ಮ ಊರಲ್ಲಿ ಕೇಳದವರೇ ಇಲ್ಲ. ಆದ್ರೆ ಡಿಸ್ಚಾರ್ಜ್ ಬುಕ್, ಅಂದ್ರೆ ಸೈನ್ಯ ಬಿಡುವಾಗ ಕೊಡೋ ಸರ್ವಿಸ್ ವಿವರದ ಪುಸ್ತಕ, ಬಿಡಿಸಿ ನೋಡಿದ್ರೆ ಮೆಡಲ್ ಬರೆಯೋ ಜಾಗದಲ್ಲಿ ಸಂಗ್ರಾಮ್ ಮೆಡಲ್ ಒಂದೇ. ಪೂರ್ವದ ಕಡೆ ಇದ್ದವರಿಗೆ ಕೊಡೋ ಪೂರ್ವಿ ಸ್ಟಾರ್ ಇಲ್ಲವೇ ಇಲ್ಲ. ಮೊಮ್ಮಗ ಅಜ್ಜನ ಮುಖ ನೋಡಿದ, ಅಜ್ಜ ನನ್ನ ಮುಖ ನೋಡಿದ್ರು.

"ನೀನು ಕ್ಲರ್ಕ್ ಆಗಿದ್ದವ ಅಲ್ವಾ ಮಾರಾಯ, ಎಂತ ಇದು?"

ಹೌದು, ನಾನು ಸೈನ್ಯದಲ್ಲಿ 20 ವರ್ಷಕ್ಕೂ ಜಾಸ್ತಿ ಕ್ಲರ್ಕ್ ಕೆಲಸ ಮಾಡಿದವನು, ಗುಂಡು ಹೊಡೆದದ್ದಕ್ಕಿಂತ ಟೈಪ್ ಹೊಡೆದದ್ದೇ ಹೆಚ್ಚು. ಅವತ್ತು ಅಜ್ಜನಿಗೆ ಹೇಳಿದ್ದನ್ನ ಆಮೇಲೆ ಇನ್ನೂ ನಾಲ್ಕೈದು ಜನ ಬುಕ್ ಹಿಡ್ಕೊಂಡು ಬಂದಾಗ್ಲೂ ಹೇಳ್ಬೇಕಾಯ್ತು, ಅದಕ್ಕೆ ಒಂದ್ಸಲ ಎಲ್ಲ ಸರಿಯಾಗಿ ಬರೆದುಬಿಡೋಣ ಅಂತ ಕೂತಿದ್ದೀನಿ. ಫೌಜಿ ಭಾಷೆ ಗೊತ್ತಿಲ್ಲದ ಮಕ್ಕಳು ಮೊಮ್ಮಕ್ಕಳಿಗೂ ಅರ್ಥ ಆಗ್ಲಿ ಅಂತ ಬುಡದಿಂದ ಶುರು ಮಾಡ್ತೀನಿ.

ಎಲ್ಲ ಮೆಡಲೂ ಒಂದೇ ಅಲ್ಲ

ಎದೆ ಮೇಲೆ ಸಾಲಾಗಿ ನೇತಾಡ್ತಾ ಇದ್ರೆ ನೋಡೋರಿಗೆ ಎಲ್ಲ ಒಂದೇ ತರ ಕಾಣುತ್ತೆ. ಆದ್ರೆ ಅದರಲ್ಲಿ ಎರಡು ಜಾತಿ ಇದೆ, ಈ ವ್ಯತ್ಯಾಸ ಗೊತ್ತಿಲ್ಲದೆ ಅರ್ಜಿ ಹಾಕಿದ್ರೆ ಕೆಲಸ ಆಗಲ್ಲ.

ಒಂದು, ಶೌರ್ಯಕ್ಕೆ ಕೊಡೋದು. ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ, ಆಮೇಲೆ ಅಶೋಕ ಚಕ್ರ, ಕೀರ್ತಿ ಚಕ್ರ, ಶೌರ್ಯ ಚಕ್ರ, ಸೇನಾ ಮೆಡಲ್, ಇವೆಲ್ಲ. ಇದು ಒಬ್ಬ ವ್ಯಕ್ತಿ ಒಂದು ದಿನ ಒಂದು ಜಾಗದಲ್ಲಿ ಮಾಡಿದ ಕೆಲಸಕ್ಕೆ ಕೊಡೋದು. ಯೂನಿಟ್ಟಿನ ಕಮಾಂಡಿಂಗ್ ಆಫೀಸರ್ ಬರೆದು ಕಳಿಸ್ಬೇಕು, ಅದು ಮೇಲೆ ಮೇಲೆ ಹೋಗ್ಬೇಕು, ಕೊನೆಗೆ ಸರ್ಕಾರ ಒಪ್ಪಿ ಗೆಜೆಟ್‌ನಲ್ಲಿ ಹಾಕ್ಬೇಕು. ಯಾರೂ ಇದನ್ನ ನನಗೆ ಬರಬೇಕಾಗಿತ್ತು ಅಂತ ನಿಯಮ ತೋರಿಸಿ ಕೇಳೋಕಾಗಲ್ಲ.

ಇನ್ನೊಂದು, ಸರ್ವಿಸ್ ಮೆಡಲ್. ಇಂತಾ ಸಮಯದಲ್ಲಿ ಇಂತಾ ಜಾಗದಲ್ಲಿ ಇಷ್ಟು ದಿನ ಇದ್ದೆ ಅಂದ್ರೆ ಬಂತು, ಅಷ್ಟೇ. ಯಾರ ಶಿಫಾರಸೂ ಬೇಡ. 1965ರ ಯುದ್ಧಕ್ಕೆ ಸಮರ್ ಸೇವಾ ಸ್ಟಾರ್ ಮತ್ತು ರಕ್ಷಾ ಮೆಡಲ್, 1971ಕ್ಕೆ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್ ಮತ್ತು ಸಂಗ್ರಾಮ್ ಮೆಡಲ್, ಕಾರ್ಗಿಲ್‌ಗೆ ಆಪರೇಷನ್ ವಿಜಯ್ ಸ್ಟಾರ್ ಮತ್ತು ಆಪರೇಷನ್ ವಿಜಯ್ ಮೆಡಲ್. ಆಮೇಲೆ ಸೈನ್ಯ ಸೇವಾ ಮೆಡಲ್, ಸಿಯಾಚಿನ್ ಗ್ಲೇಸಿಯರ್ ಮೆಡಲ್, 9 ವರ್ಷ, 20 ವರ್ಷ, 30 ವರ್ಷದ ಲಾಂಗ್ ಸರ್ವಿಸ್ ಮೆಡಲ್. ಹೈ ಆಲ್ಟಿಟ್ಯೂಡ್ ಮೆಡಲ್ ಅಂತ ಒಂದಿದೆ, ಅದು 9000 ಅಡಿಗಿಂತ ಮೇಲೆ ಡ್ಯೂಟಿ ಮಾಡಿದವರಿಗೆ. ನಮ್ಮ ತಡಿಯಂಡಮೋಳ್ ಬೆಟ್ಟ ಇದ್ಯಲ್ಲ, ಕೊಡಗಲ್ಲೇ ಎತ್ತರದ್ದು, ಅದು 1748 ಮೀಟರ್, 5700 ಅಡಿ ಚಿಲ್ಲರೆ. ಅದರ ಮೇಲೆ ಇನ್ನರ್ಧ ತಡಿಯಂಡಮೋಳ್ ಇಟ್ಟರೂ 9000 ಅಡಿ ಮುಟ್ಟಲ್ಲ.

ಈ ಸ್ಟಾರು, ಮೆಡಲು ಅಂತ ಎರಡೆರಡು ಯಾಕೆ ಅಂತ ಮೊಮ್ಮಗ ಕೇಳಿದ. ತೋಟಕ್ಕೆ ಆನೆ ಬಂದಾಗ ಏನಾಗುತ್ತೆ ನೋಡಿ, ಪಟಾಕಿ ಹಿಡ್ಕೊಂಡು ಆನೆ ಎದುರಿಗೇ ಹೋಗೋರು ನಾಲ್ಕು ಜನ, ರಸ್ತೇಲಿ ನಿಂತು ಟಾರ್ಚ್ ಬಿಟ್ಟು ಆ ಕಡೆ ಯಾರೂ ಬರದ ಹಾಗೆ ಕಾಯೋರು ಹತ್ತು ಜನ. ಇಬ್ಬರೂ ರಾತ್ರಿ ನಿದ್ದೆಗೆಟ್ಟವರೇ, ಆದ್ರೆ ಎದುರಿಗೆ ಹೋದವರ ಲೆಕ್ಕ ಬೇರೆ. ಹೆಚ್ಚುಕಮ್ಮಿ ಹಾಗೇ, ಸ್ಟಾರ್ ಅನ್ನೋದು ಕಾರ್ಯಾಚರಣೆ ನಡೆದ ಜಾಗದೊಳಗೇ ಇದ್ದವರಿಗೆ, ಮೆಡಲ್ ಅನ್ನೋದು ಇನ್ನೂ ದೊಡ್ಡ ವಲಯದಲ್ಲಿ ಇದ್ದವರಿಗೆ. ಒಬ್ಬನಿಗೇ ಎರಡೂ ಬರಬಹುದು. ಅಜ್ಜನಿಗೆ ಸಂಗ್ರಾಮ್ ಬಂದು ಪೂರ್ವಿ ಬರದೇ ಇರೋದು ಅದಕ್ಕೇ ಅನುಮಾನ ತರಿಸಿದ್ದು.

ಪಹಣಿ ಕಥೆ ಗೊತ್ತಲ್ಲ, ಇದೂ ಹಾಗೇ

ಕೊಡಗಿನವರಿಗೆ ಇದನ್ನ ಅರ್ಥ ಮಾಡಿಸೋದು ಸುಲಭ. ನಿಮ್ಮ ಜಮ್ಮಾ ಜಾಗದ (ಮನೆತನಕ್ಕೆ ತಲೆತಲಾಂತರದಿಂದ ಬಂದ ಜಾಗದ) ಆರ್‌ಟಿಸಿ, ಅಂದ್ರೆ ಪಹಣಿ ತೆಗೆದು ನೋಡಿ, ಎಷ್ಟೋ ಕಡೆ ಈಗ್ಲೂ ಮುತ್ತಜ್ಜನ ಕಾಲದ ಪಟ್ಟೇದಾರನ, ಅಂದ್ರೆ ಮನೆತನದ ಯಜಮಾನನ ಹೆಸರೇ ಇರುತ್ತೆ. ತೋಟ ಮಾಡ್ತಾ ಇರೋದು ನೀವು, ಕಾಫಿ ಕುಯ್ಯೋದು ನೀವು, ಆದ್ರೆ ಕಾಗದದಲ್ಲಿ ನೀವಿಲ್ಲ, ಯಾಕಂದ್ರೆ ಮಧ್ಯದಲ್ಲಿ ಮ್ಯುಟೇಷನ್, ಅಂದ್ರೆ ಖಾತೆ ಬದಲಾವಣೆ ಆಗಿಲ್ಲ. ಪಹಣಿ ಜೆರಾಕ್ಸ್ ಮೇಲೆ ಪೆನ್ನಲ್ಲಿ ನಿಮ್ಮ ಹೆಸರು ಬರ್ಕೊಂಡ್ರೆ ಏನೂ ಆಗಲ್ಲ, ತಾಲ್ಲೂಕು ಆಫೀಸಲ್ಲಿ ಬುಡದ ದಾಖಲೆ ತಿದ್ದಿಸ್ಬೇಕು.

ಸೈನ್ಯದಲ್ಲೂ ಅದೇ. ಡಿಸ್ಚಾರ್ಜ್ ಬುಕ್ ಅನ್ನೋದು ಬುಡ ಅಲ್ಲ, ಅದು ಪಹಣಿ ಪ್ರತಿ ಇದ್ದ ಹಾಗೆ. ಬುಡದ ದಾಖಲೆ ಹೆಸರು ಶೀಟ್ ರೋಲ್. ಜವಾನ ಸೇರಿದ ದಿನದಿಂದ ಹೊರಗೆ ಬರೋ ದಿನದವರೆಗಿನ ಎಲ್ಲ ವಿಷಯ ಅದರಲ್ಲಿ ಏರುತ್ತೆ, ಅದು ಅವನ ರೆಜಿಮೆಂಟ್ ಅಥವಾ ಕೋರ್‌ನ ರೆಕಾರ್ಡ್ ಆಫೀಸಲ್ಲಿ ಇರುತ್ತೆ. ಆ ಶೀಟ್ ರೋಲಿಗೆ ಒಂದು ಸಾಲು ಏರ್ಬೇಕು ಅಂದ್ರೆ ಯೂನಿಟ್ಟಿಂದ ಒಂದು ಕಾಗದ ಹೋಗ್ಬೇಕು, ಅದೇ ಪಾರ್ಟ್ ಟೂ ಆರ್ಡರ್. ನಮ್ಮ ಮ್ಯುಟೇಷನ್ ಇದ್ದ ಹಾಗೆ.

ಈ ಪಾರ್ಟ್ ಟೂ ಆರ್ಡರಲ್ಲಿ ಬರೆಯೋ ಪ್ರತಿಯೊಂದು ವಿಷಯಕ್ಕೂ ಫೌಜಿ ಕ್ಲರ್ಕ್‌ಗಳು "ಕ್ಯಾಶುಯಲ್ಟಿ" ಅಂತಾರೆ. ಹೊರಗಿನವರು ಕೇಳಿದ್ರೆ ಹೆದರ್ತಾರೆ, ಯಾರೋ ಸತ್ತರೇನೋ ಅಂತ. ಅಲ್ಲ, ರಜೆಗೆ ಹೋದ್ರೂ ಕ್ಯಾಶುಯಲ್ಟಿ, ಕೋರ್ಸ್ ಪಾಸಾದ್ರೂ ಕ್ಯಾಶುಯಲ್ಟಿ, ಮಗು ಹುಟ್ಟಿದ್ರೂ ಕ್ಯಾಶುಯಲ್ಟಿ, ಮದುವೆ ಆದ್ರೂ ಕ್ಯಾಶುಯಲ್ಟಿ. (ಮದುವೆ ವಿಷಯದಲ್ಲಿ ಆ ಪದ ಸರಿಯಾಗೇ ಇದೆ ಅಂತ ನಮ್ಮ ಸುಬೇದಾರ್ ಸಾಹೇಬ್ರು ಹೇಳ್ತಿದ್ರು.) ಮೆಡಲ್ ಬಂತು ಅನ್ನೋದೂ ಹಾಗೇ ಒಂದು ಕ್ಯಾಶುಯಲ್ಟಿ.

ಹಾಗಾಗಿ ದಾರಿ ಹೀಗಿದೆ: ಯೂನಿಟ್ ಕ್ಲರ್ಕ್ ಪಾರ್ಟ್ ಟೂ ಆರ್ಡರ್ ಬರೀತಾನೆ, ಅದು ರೆಕಾರ್ಡ್ ಆಫೀಸಿಗೆ ಹೋಗುತ್ತೆ, ಅಲ್ಲಿ ಶೀಟ್ ರೋಲಿಗೆ ಏರುತ್ತೆ, ರಿಟೈರ್ ಆಗುವಾಗ ಶೀಟ್ ರೋಲ್ ನೋಡ್ಕೊಂಡು ಡಿಸ್ಚಾರ್ಜ್ ಬುಕ್ ಬರೀತಾರೆ. ಆ ಕಾಲದಲ್ಲಿ ಇದೆಲ್ಲ ಕೈಬರಹ ಇಲ್ಲಾ ಟೈಪ್‌ರೈಟರ್. ನಾಲ್ಕು ಕೈ ದಾಟ್ಬೇಕು, ಯಾವ ಕೈ ಜಾರಿದ್ರೂ ಮೆಡಲ್ ಮಾಯ.

ಎಲ್ಲಿ ಜಾರುತ್ತೆ

ಕ್ಲರ್ಕ್‌ಗಳನ್ನ ಬಯ್ಯೋದಾದ್ರೆ ನನ್ನನ್ನೂ ಸೇರಿಸಿ ಬಯ್ರಿ, ಬೇಜಾರಿಲ್ಲ. ಆದ್ರೆ ಬರೀ ಸೋಮಾರಿತನದಿಂದ ಆಗೋದಲ್ಲ ಇದು.

ದೊಡ್ಡ ಕಾರಣ ಅಂದ್ರೆ ಯುದ್ಧದ ಮೆಡಲ್ ಯುದ್ಧದ ದಿನಾನೇ ಹುಟ್ಟಲ್ಲ. ಯುದ್ಧ ಮುಗಿದು ಕಾಲ ಕಳೆದ ಮೇಲೆ ಸರ್ಕಾರ ಇಂತಾ ಮೆಡಲ್ ಅಂತ ಸ್ಥಾಪನೆ ಮಾಡುತ್ತೆ, ಯಾರ್ಯಾರಿಗೆ ಅಂತ ನಿಯಮ ಬರುತ್ತೆ, ಆಮೇಲೆ ಯೂನಿಟ್‌ಗಳು ಲಿಸ್ಟ್ ಮಾಡ್ತಾವೆ. ಅಷ್ಟರಲ್ಲಿ ಒಬ್ಬ ಬೇರೆ ಯೂನಿಟ್ಟಿಗೆ ಪೋಸ್ಟಿಂಗ್ ಹೋಗಿರ್ತಾನೆ, ಹಳೇ ಯೂನಿಟ್ ಹೊಸ ಯೂನಿಟ್ ಮಾಡುತ್ತೆ ಅಂದ್ಕೊಳ್ಳುತ್ತೆ, ಹೊಸ ಯೂನಿಟ್ ಹಳೇದು ಮಾಡಿರುತ್ತೆ ಅಂದ್ಕೊಳ್ಳುತ್ತೆ, ಮದುವೆ ಮನೇಲಿ ಇಬ್ಬರು ಚಿಕ್ಕಪ್ಪಂದಿರು ಇನ್ನೊಬ್ಬ ಪುರೋಹಿತರಿಗೆ ಹೇಳಿದ್ದಾನೆ ಅಂತ ಸುಮ್ನಿದ್ದ ಹಾಗೆ. ಇನ್ನೊಬ್ಬ ಪೆನ್ಷನ್ ಆಗಿ ಊರಿಗೇ ಬಂದು ಕಾಫಿ ಗಿಡ ಕಪಾತು ಮಾಡ್ತಿರ್ತಾನೆ, ಅವನಿಗೆ ಅಂತಾ ಮೆಡಲ್ ಹುಟ್ಟಿದೆ ಅಂತಾನೇ ಗೊತ್ತಾಗಲ್ಲ.

ಅಟ್ಯಾಚ್‌ಮೆಂಟ್ ಇನ್ನೊಂದು ತಲೆನೋವು. ಡ್ರೈವರ್, ರೇಡಿಯೋ ಆಪರೇಟರ್, ನರ್ಸಿಂಗ್ ಅಸಿಸ್ಟೆಂಟ್, ಅಡುಗೆಯವರು, ಇವರನ್ನ ಒಂದು ಯೂನಿಟ್ಟಿಂದ ತೆಗೆದು ಇನ್ನೊಂದರ ಜೊತೆ ಕೆಲ ತಿಂಗಳು ಕಳಿಸ್ತಾರೆ. ಮನುಷ್ಯ ಗಡಿಯಲ್ಲಿ, ಕಾಗದ ಹಿಂದಿನ ಯೂನಿಟ್ಟಲ್ಲಿ. ಗಾಯ ಆಗಿಯೋ ಕಾಯಿಲೆ ಬಿದ್ದೋ ಮಿಲಿಟರಿ ಆಸ್ಪತ್ರೆಗೆ ಹೋದವರದ್ದೂ ಹೀಗೇ, ಯೂನಿಟ್ಟಿನ ಲೆಕ್ಕದಿಂದ ಹೆಸರು ತೆಗೆದುಬಿಡ್ತಾರೆ, ಆಮೇಲೆ ಲಿಸ್ಟ್ ಮಾಡುವಾಗ ಆ ಹೆಸರು ಯಾರ ಕಣ್ಣಿಗೂ ಬೀಳಲ್ಲ.

ಮತ್ತೆ ನಮ್ಮ ಹೆಸರುಗಳು! ಫೀಲ್ಡ್ ಮಾರ್ಷಲ್ ಹೆಸರನ್ನೇ ಜನ ಕಾರ್ಯಪ್ಪ, ಕಾರಿಯಪ್ಪ, ಕರಿಯಪ್ಪ ಅಂತ ಮೂರು ತರ ಬರೀತಾರೆ, ಜನರಲ್ ತಿಮ್ಮಯ್ಯನವರದ್ದಕ್ಕೆ ಇಂಗ್ಲಿಷಲ್ಲಿ ಒಂದು ಎಮ್ಮಾ ಎರಡು ಎಮ್ಮಾ ಅಂತ ಇವತ್ತಿಗೂ ಬೋರ್ಡ್ ಬರೆಯೋರು ತಡವರಿಸ್ತಾರೆ. ಅಂತಾದ್ರಲ್ಲಿ ಉತ್ತರದ ಕಡೆಯ ಒಬ್ಬ ಕ್ಲರ್ಕ್‌ಗೆ ಮನೆ ಹೆಸರು ಮೊದಲು, ಅಪ್ಪನ ಹೆಸರು ಆಮೇಲೆ, ಸ್ವಂತ ಹೆಸರು ಕೊನೆಗೆ ಅನ್ನೋದು ಹೇಗೆ ತಲೆಗೆ ಹೋಗ್ಬೇಕು? ಒಂದೇ ಕಂಪನೀಲಿ ಇಬ್ಬರು ಪೂಣಚ್ಚ ಇದ್ರೆ ಮುಗೀತು. ಅದಕ್ಕೇ ಸೈನ್ಯದಲ್ಲಿ ಹೆಸರಿಗಿಂತ ಆರ್ಮಿ ನಂಬರ್ ದೊಡ್ಡದು. ಮೆಡಲ್ ಅಂಚು ತಿರುಗಿಸಿ ನೋಡಿ, ಸರ್ಕಾರದಿಂದ ಬಂದದ್ದಾದ್ರೆ ಅಲ್ಲಿ ಸಣ್ಣಕ್ಷರದಲ್ಲಿ ನಂಬರು, ಹೆಸರು ಒತ್ತಿರುತ್ತೆ. ಎರಡನೇ ಮಹಾಯುದ್ಧದ ಬರ್ಮಾ ಸ್ಟಾರ್, ಆಫ್ರಿಕಾ ಸ್ಟಾರ್ ನಿಮ್ಮ ಮನೆ ಪೆಟ್ಟಿಗೇಲಿ ಇದ್ರೆ ಅದರ ಮೇಲೂ ನೋಡಿ, ಬ್ರಿಟನ್ನಿನವರದ್ದಕ್ಕೆ ಹೆಸರು ಹಾಕದೇ ಕೊಟ್ರು, ಭಾರತದ ಸೈನಿಕರದ್ದಕ್ಕೆ ಹಾಕಿ ಕೊಟ್ರು.

ನಿಮ್ಮದು ಯಾವ ತರದ "ಇಲ್ಲ"?

ಅರ್ಜಿ ಬರೆಯೋ ಮುಂಚೆ ಇದನ್ನ ಕಂಡುಹಿಡೀಬೇಕು. ನಾನು ನೋಡಿದ ಹಾಗೆ ಜನ ಇಲ್ಲೇ ಎಡವೋದು, "ಮೆಡಲ್ ಸಿಕ್ಕಿಲ್ಲ, ದಯವಿಟ್ಟು ಕೊಡಿ" ಅಂತ ಒಂದು ಸಾಲು ಬರೆದು ಕಳಿಸಿಬಿಡ್ತಾರೆ, ಆ ಕಡೆ ಕೂತವನಿಗೆ ಏನು ಹುಡುಕ್ಬೇಕು ಅಂತಾನೇ ಗೊತ್ತಾಗಲ್ಲ.

ಕಾಗದದಲ್ಲಿ ಇದೆ, ಕೈಗೆ ಬಂದಿಲ್ಲ ಅನ್ನೋದು ಒಂದು ತರ. ಇದು ತುಂಬಾ ಸಾಮಾನ್ಯ. ಮೆಡಲ್ ತಯಾರಾಗಿ ಬರೋದು ವರ್ಷಗಟ್ಟಲೆ ತಡ ಆಗೋದು ಸೈನ್ಯದಲ್ಲಿ ಎಲ್ಲರಿಗೂ ಗೊತ್ತಿರೋ ವಿಷಯ, ಸರ್ವಿಸಲ್ಲಿರೋರೇ ಪೆರೇಡ್‌ಗೆ ಅಂಗಡಿಯಿಂದ ಮೆಡಲ್ ಕೊಂಡು ಹಾಕ್ಕೊಳ್ತಾರೆ. ಇದರಲ್ಲಿ ದಾಖಲೆ ತಿದ್ದೋದೇನೂ ಇಲ್ಲ, ಮೆಡಲ್ ಕಳಿಸಿ ಅಂತ ಕೇಳೋದು ಅಷ್ಟೇ.

ಶೀಟ್ ರೋಲಲ್ಲಿ ಇದೆ, ಡಿಸ್ಚಾರ್ಜ್ ಬುಕ್ಕಲ್ಲಿ ಬಿಟ್ಟುಹೋಗಿದೆ ಅನ್ನೋದು ಇನ್ನೊಂದು. ಇದು ಸುಲಭ, ನಕಲು ಮಾಡುವಾಗ ಬಿಟ್ಟ ಸಾಲನ್ನ ಸೇರಿಸಿ ಸೀಲ್ ಹಾಕಿ ಕೊಡ್ತಾರೆ.

ಶೀಟ್ ರೋಲಲ್ಲೂ ಇಲ್ಲ, ಆದ್ರೆ ನಿಯಮದ ಪ್ರಕಾರ ಬರಬೇಕು ಅನ್ನೋದೇ ನಿಜವಾದ ತಿದ್ದುಪಡಿ ಕೇಸ್. ಆ ಜಾಗದಲ್ಲಿ ಆ ತಾರೀಕಿಗೆ ಇದ್ದದ್ದನ್ನ ತೋರಿಸ್ಬೇಕು, ಅವರು ಒಪ್ಪಿದ್ರೆ ಹೊಸದಾಗಿ ಪಾರ್ಟ್ ಟೂ ಆರ್ಡರ್ ಆಗಿ ಆಮೇಲೆ ಎಲ್ಲ ಕಡೆ ಏರುತ್ತೆ.

ಇನ್ನು ಮೆಡಲ್ ಬಂದಿತ್ತು, ಕಳೆದುಹೋಯ್ತು ಅನ್ನೋರು. ಮಳೆಗಾಲದ ನೀರಿಗೆ ಹೋಯ್ತು, ಮನೆ ಬದಲಾಯಿಸುವಾಗ ಹೋಯ್ತು, ಇಂತಾದ್ದೇ. ಅದಕ್ಕೆ ಪೊಲೀಸ್ ದೂರಿನ ಪ್ರತಿ ಅಥವಾ ಅಫಿಡವಿಟ್ ಇಟ್ಟು ಡೂಪ್ಲಿಕೇಟ್ ಕೇಳ್ಬೇಕು, ದುಡ್ಡು ಕಟ್ಟಬೇಕಾಗುತ್ತೆ.

ಯಾವ್ದು ಬರಬೇಕಿತ್ತು ಅಂತ ಗೊತ್ತಿಲ್ಲದವರಿಗೆ ಒಂದು ಸುಲಭದ ಪರೀಕ್ಷೆ ಹೇಳ್ತೀನಿ. ಯುದ್ಧದ್ದು ಆಮೇಲೆ ನೋಡೋಣ, ಮೊದಲು ಬರೀ ತಾರೀಕಿನ ಮೇಲೆ ಬರೋದನ್ನ ನೋಡಿ. ಸ್ವಾತಂತ್ರ್ಯಕ್ಕೆ 25 ವರ್ಷ ತುಂಬಿದ 1972ರ ಆಗಸ್ಟ್ 15ಕ್ಕೆ ಸರ್ವಿಸಲ್ಲಿದ್ದವರಿಗೆ ಒಂದು ಮೆಡಲ್, 50 ತುಂಬಿದ 1997ರ ಆಗಸ್ಟ್ 15ಕ್ಕೆ ಒಂದು, 75ಕ್ಕೂ ಒಂದು. 9 ವರ್ಷ ಮುಗಿಸಿದ್ರೆ ಲಾಂಗ್ ಸರ್ವಿಸ್. ನಿಮ್ಮ ಬುಕ್ಕಲ್ಲಿ ಸೇರಿದ ತಾರೀಕು, ಬಿಟ್ಟ ತಾರೀಕು ಇದ್ದೇ ಇರುತ್ತೆ, ಎರಡನ್ನೂ ನೋಡಿ ಲೆಕ್ಕ ಹಾಕಿ. ಈ ಸುಲಭದ್ದೇ ಬಿಟ್ಟುಹೋಗಿದ್ರೆ ಕಷ್ಟದ್ದೂ ಬಿಟ್ಟುಹೋಗಿರೋ ಸಾಧ್ಯತೆ ಜಾಸ್ತಿ.

ಕಾಗದ ಎಲ್ಲಿಗೆ ಕಳಿಸೋದು

ದಿಲ್ಲಿಗಲ್ಲ. ಎಷ್ಟೋ ಜನ ನೇರ ರಕ್ಷಣಾ ಮಂತ್ರಿಗೇ ಬರೀತಾರೆ, ಅದು ಊರೆಲ್ಲ ಸುತ್ತಿ ಕೊನೆಗೆ ರೆಕಾರ್ಡ್ ಆಫೀಸಿಗೇ ಬರುತ್ತೆ. ಜವಾನರು, ಎನ್‌ಸಿಓ (ನಾಯಕ್, ಹವಿಲ್ದಾರ್), ಜೆಸಿಓಗಳಿಗೆ (ಸುಬೇದಾರ್ ತರದವರಿಗೆ) ಅವರವರ ರೆಕಾರ್ಡ್ ಆಫೀಸೇ ದೇವಸ್ಥಾನ. ಮದ್ರಾಸ್ ರೆಜಿಮೆಂಟ್‌ನವರದ್ದು ನೀಲಗಿರಿಯ ವೆಲ್ಲಿಂಗ್ಟನ್, ಮದ್ರಾಸ್ ಸ್ಯಾಪರ್ಸ್ ಅಂದ್ರೆ ಎಂಇಜಿ ಬೆಂಗಳೂರು, ಮರಾಠಾ ಲೈಟ್ ಇನ್‌ಫೆಂಟ್ರಿ ಬೆಳಗಾವಿ, ಆರ್ಟಿಲರಿ ನಾಸಿಕ್ ರೋಡ್, ಸಿಗ್ನಲ್ಸ್ ಜಬಲ್ಪುರ, ಇಎಂಇ ಸಿಕಂದರಾಬಾದ್. ಏರ್‌ಫೋರ್ಸ್‌ನ ಏರ್‌ಮನ್‌ಗಳದ್ದು ದಿಲ್ಲಿಯ ಸುಬ್ರೊತೊ ಪಾರ್ಕ್, ನೇವಿಯ ಸೇಲರ್‌ಗಳದ್ದು ಮುಂಬೈ. ಆಫೀಸರ್‌ಗಳದ್ದು ಮಾತ್ರ ಆರ್ಮಿ ಹೆಡ್‌ಕ್ವಾರ್ಟರ್ಸ್, ಅವರಿಗೆ ಇದೆಲ್ಲ ನಾನು ಹೇಳ್ಬೇಕಾಗಿಲ್ಲ.

ಮಡಿಕೇರಿಯಲ್ಲಿ ಸೈನಿಕ ಕಲ್ಯಾಣ ಇಲಾಖೆ ಕಚೇರಿ ಇದೆಯಲ್ಲ, ಅಲ್ಲಿ ಅರ್ಜಿ ಬರೆಯೋಕೆ ಸಹಾಯ ಸಿಗುತ್ತೆ, ಅವರ ಮೂಲಕಾನೇ ಕಳಿಸಿದ್ರೆ ಸೀಲು, ನಂಬರು ಎಲ್ಲ ಇರುತ್ತೆ. ಆದ್ರೆ ನಿರ್ಧಾರ ಮಾಡೋದು ಅವರಲ್ಲ, ಅಲ್ಲಿ ಹೋಗಿ "ಯಾಕೆ ಇನ್ನೂ ಆಗಿಲ್ಲ" ಅಂತ ಜಗಳ ಆಡಿ ಪ್ರಯೋಜನ ಇಲ್ಲ.

ಅರ್ಜಿಯಲ್ಲಿ ಏನಿರ್ಬೇಕು? ಆರ್ಮಿ ನಂಬರ್, ರ್‍ಯಾಂಕ್, ಹೆಸರು, ಟ್ರೇಡ್ (ಡ್ರೈವರ್, ಕ್ಲರ್ಕ್ ಅಂತ ಮಾಡ್ತಿದ್ದ ಕೆಲಸ), ಸೇರಿದ ಮತ್ತು ಬಿಟ್ಟ ತಾರೀಕು, ಯಾವ ಮೆಡಲ್ ಅನ್ನೋದು ಸರಿಯಾದ ಹೆಸರಲ್ಲಿ, ಆ ಕಾಲದಲ್ಲಿ ಯಾವ ಯೂನಿಟ್, ಎಲ್ಲಿ, ಯಾವಾಗಿಂದ ಯಾವಾಗಿನವರೆಗೆ. ಹೆಸರು ಡಿಸ್ಚಾರ್ಜ್ ಬುಕ್ಕಲ್ಲಿ ಹೇಗಿದ್ಯೋ ಹಾಗೇ ಬರೀರಿ, ಆಧಾರಲ್ಲಿ ಬೇರೆ ಇದ್ರೂ ಸರಿ, ಇಬ್ಬರೂ ಒಬ್ಬರೇ ಅನ್ನೋ ಅಫಿಡವಿಟ್ ಜೊತೆಗಿಡಿ. ಡಿಸ್ಚಾರ್ಜ್ ಬುಕ್ ಮತ್ತು ಪಿಪಿಓ ಅಂದ್ರೆ ಪೆನ್ಷನ್ ಆದೇಶದ ಪ್ರತಿ ಲಗತ್ತಿಸಿ.

ಕಥೆ ಬರೀಬೇಡಿ. ಅಜ್ಜನ ಮೊಮ್ಮಗ ಮೂರು ಪುಟ ಬರ್ಕೊಂಡು ಬಂದಿದ್ದ, ಅಜ್ಜ ನದಿ ದಾಟಿದ್ದು, ಸೇತುವೆ ಮುರಿದಿದ್ದು, ಗೆಳೆಯ ತೀರಿಕೊಂಡಿದ್ದು. ಓದಿ ನನಗೇ ಕಣ್ಣು ಒದ್ದೆ ಆಯ್ತು, ಆದ್ರೆ ರೆಕಾರ್ಡ್ ಆಫೀಸಿನವನಿಗೆ ಬೇಕಾಗಿರೋದು ಯೂನಿಟ್ ಹೆಸರು ಮತ್ತು ತಾರೀಕು. ಅರ್ಧ ಪುಟಕ್ಕೆ ಇಳಿಸಿದ್ವಿ. ಆ ಮೂರು ಪುಟ ಫ್ರೇಮ್ ಹಿಂದೆ ಇಡು ಅಂತ ಹೇಳಿದೆ.

ಡಿಸ್ಚಾರ್ಜ್ ಬುಕ್ಕಿನ ಒರಿಜಿನಲ್ ಮೊದಲೇ ಕಳಿಸ್ಬೇಡಿ. ಅವರು ತಿದ್ದಿ ಬರೆಯೋಕೆ ಅಂತ ಕೇಳಿದಾಗ ಮಾತ್ರ, ಪ್ರತಿ ಪುಟ, ಖಾಲಿ ಪುಟ ಸಮೇತ ಜೆರಾಕ್ಸ್ ಮಾಡಿಟ್ಕೊಂಡು ಸ್ಪೀಡ್ ಪೋಸ್ಟಲ್ಲಿ ಕಳಿಸಿ, ರಸೀದಿ ಬಿಸಾಡಬೇಡಿ. ಮಧ್ಯದಲ್ಲಿ ಯಾರಾದ್ರೂ ಇಷ್ಟು ಸಾವಿರ ಕೊಡಿ ಮೆಡಲ್ ಮಾಡಿಸಿಕೊಡ್ತೀನಿ ಅಂದ್ರೆ ಗೇಟ್ ತೋರಿಸಿ.

ಉತ್ತರವೇ ಬರಲ್ಲ ಅಂದ್ರೆ

ಆಗ ಆರ್‌ಟಿಐ. 2005ರ ಮಾಹಿತಿ ಹಕ್ಕು ಕಾಯ್ದೆ ರೆಕಾರ್ಡ್ ಆಫೀಸಿಗೂ ಅನ್ವಯಿಸುತ್ತೆ, ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡ್ಬೇಕು. ಇಲ್ಲಿ ಒಂದು ಸೂಕ್ಷ್ಮ ಇದೆ. ಆರ್‌ಟಿಐನಲ್ಲಿ "ನನಗೆ ಯಾಕೆ ಮೆಡಲ್ ಕೊಟ್ಟಿಲ್ಲ" ಅಂತ ಕೇಳಿದ್ರೆ ಉತ್ತರ ಸಿಗಲ್ಲ, ಅದು ಇರೋ ದಾಖಲೆಯನ್ನ ಕೊಡೋ ಕಾಯ್ದೆ, ಜಗಳ ತೀರಿಸೋ ಕಾಯ್ದೆ ಅಲ್ಲ. "ನನ್ನ ಶೀಟ್ ರೋಲಿನ ಮೆಡಲ್ ನಮೂದಿನ ಪುಟದ ಪ್ರತಿ, ಇಂತಾ ವರ್ಷದಿಂದ ಇಂತಾ ವರ್ಷದವರೆಗಿನ ಪೋಸ್ಟಿಂಗ್ ನಮೂದಿನ ಪ್ರತಿ ಕೊಡಿ" ಅಂತ ಕೇಳಿ. ಆ ಪ್ರತಿ ಕೈಗೆ ಬಂತು ಅಂದ್ರೆ ನಿಮ್ಮದು ಯಾವ ತರದ "ಇಲ್ಲ" ಅನ್ನೋದು ಅದರಲ್ಲೇ ಗೊತ್ತಾಗುತ್ತೆ. ಸ್ವಂತ ದಾಖಲೆ ಕೇಳ್ತಾ ಇರೋದ್ರಿಂದ ಬೇರೆಯವರ ಖಾಸಗಿ ಮಾಹಿತಿ ಅನ್ನೋ ತಕರಾರೂ ಬರಲ್ಲ. ನಿಜ ಹೇಳ್ಬೇಕಂದ್ರೆ ನಾನು ಈಗೀಗ ಎಲ್ಲರಿಗೂ ಅರ್ಜಿಗಿಂತ ಮೊದಲೇ ಇದನ್ನ ಮಾಡಿ ಅಂತೀನಿ.

ಅರ್ಜಿ ತಿರಸ್ಕಾರ ಆಯ್ತು, ನಿಮಗೆ ನಿಯಮದ ಪ್ರಕಾರ ಬರಬೇಕು ಅನ್ನೋದು ಖಾತ್ರಿ ಇದೆ, ಆಗ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. 2007ರ ಕಾಯ್ದೆ, 2009ರಿಂದ ಕೆಲಸ ಮಾಡ್ತಿದೆ. ಕೊನೆ ಆದೇಶ ಬಂದು 6 ತಿಂಗಳೊಳಗೆ ಹೋಗ್ಬೇಕು. ಆದ್ರೆ ಮೊದಲು ಇಲಾಖೆಯೊಳಗಿನ ದಾರಿ ಎಲ್ಲ ಮುಗಿಸಿ ಬಾ ಅಂತಾರೆ, ಅದಕ್ಕೇ ಆ ಸ್ಪೀಡ್ ಪೋಸ್ಟ್ ರಸೀದಿ ಇಟ್ಕೊಳ್ಳಿ ಅಂದಿದ್ದು.

ಫೈಲೇ ಇಲ್ಲ ಅಂದ್ರೆ

ಇದು ಬೇಜಾರಿನ ವಿಷಯ. ಸೈನ್ಯದ ನಿಯಮದಲ್ಲಿ ಫೈಲ್ ಇಟ್ಕೊಳ್ಳೋಕೆ ಗಡುವು ಇದೆ. ಪೆನ್ಷನ್ ಇಲ್ಲದೆ ಹೊರಗೆ ಬಂದವರ ಸರ್ವಿಸ್ ಕಾಗದಗಳನ್ನ 25 ವರ್ಷ ಆದಮೇಲೆ ನಾಶ ಮಾಡ್ತಾರೆ, ಪೆನ್ಷನ್‌ದಾರರದ್ದು ಅದಕ್ಕಿಂತ ಹೆಚ್ಚು ಕಾಲ ಇರುತ್ತೆ. ನಾಶ ಆದಮೇಲೂ ಲಾಂಗ್ ರೋಲ್ ಅನ್ನೋ ದೊಡ್ಡ ರಿಜಿಸ್ಟರಲ್ಲಿ ಚಿಕ್ಕ ವಿವರ ಉಳಿದಿರುತ್ತೆ, ನಂಬರು, ಹೆಸರು, ಸೇರಿದ್ದು, ಬಿಟ್ಟದ್ದು, ಯಾಕೆ ಬಿಟ್ಟ ಅನ್ನೋದು. ಅಷ್ಟರ ಮೇಲೆ ಯುದ್ಧದ ಮೆಡಲ್ ಸಾಬೀತು ಮಾಡೋದು ಕಷ್ಟ.

ಆಗ ಮನೆ ಟ್ರಂಕೇ ಸಾಕ್ಷಿ. ಆ ಕಾಲದಲ್ಲಿ ಫೀಲ್ಡಿಂದ ಬರ್ತಿದ್ದ ಪತ್ರದ ಮೇಲೆ ಜಾಗದ ಹೆಸರು ಇರಲ್ಲ, ಆದ್ರೆ 56 ಎಪಿಓ, 99 ಎಪಿಓ ಅಂತ ಫೀಲ್ಡ್ ಅಂಚೆ ವಿಳಾಸ, ಯೂನಿಟ್ ಹೆಸರು, ಅಂಚೆ ಮುದ್ರೆ ತಾರೀಕು ಇರುತ್ತೆ. 99 ಎಪಿಓ ಅಂದ್ರೆ ಪೂರ್ವದ ಕಡೆ. ಆಸ್ಪತ್ರೆ ಚೀಟಿ, ಗ್ರೂಪ್ ಫೋಟೋ ಹಿಂದಿನ ಬರಹ, ರಜೆ ಸರ್ಟಿಫಿಕೇಟ್, ಜೊತೆಗಿದ್ದ ಇನ್ನೊಬ್ಬರ ಡಿಸ್ಚಾರ್ಜ್ ಬುಕ್ ಪ್ರತಿ ಮತ್ತು ಅವರ ಅಫಿಡವಿಟ್, ಎಲ್ಲ ಕೂಡಿಸಿ. ಅಮೆರಿಕದಲ್ಲಿ 1973ರ ಜುಲೈ 12ಕ್ಕೆ ಸೇಂಟ್ ಲೂಯಿಸ್‌ನ ದಾಖಲೆ ಕಟ್ಟಡಕ್ಕೆ ಬೆಂಕಿ ಬಿದ್ದು 1.6 ರಿಂದ 1.8 ಕೋಟಿ ಸೈನಿಕರ ಫೈಲ್ ಹೋಯ್ತು, ಅವರೂ ಹೀಗೇ ಸಂಬಳದ ಪಟ್ಟಿ ಅಂತಾ ಬೇರೆ ಬೇರೆ ಕಾಗದದಿಂದ ತೇಪೆ ಹಾಕಿ ಒಬ್ಬೊಬ್ಬರದ್ದೇ ದಾಖಲೆ ಮತ್ತೆ ಕಟ್ತಾ ಇದ್ದಾರೆ. ಅಲ್ಲಿ ದಾಖಲೆ ತಿದ್ದೋಕೇ ಅಂತ ಪ್ರತ್ಯೇಕ ಮಂಡಳಿ ಇದೆ, ಡಿಡಿ 149 ಅನ್ನೋ ಒಂದು ಫಾರಂ ತುಂಬಿದ್ರೆ ಆಯ್ತು. ನಮ್ಮಲ್ಲಿ ಹಾಗೆ ಒಂದು ಫಾರಂ ಇಲ್ಲ, ಬಿಳಿ ಹಾಳೆ ಅರ್ಜಿಯೇ.

ಶೌರ್ಯ ಪದಕದ ಮಾತೇ ಬೇರೆ

"ನಮ್ಮ ಅಪ್ಪನಿಗೆ ವೀರ ಚಕ್ರಕ್ಕೆ ಬರೆದಿದ್ರಂತೆ, ಬರಲಿಲ್ಲ" ಅನ್ನೋರು ಕೊಡಗಲ್ಲಿ ಊರಿಗೊಬ್ಬರು ಸಿಗ್ತಾರೆ. ಬರೆದಿರಬಹುದು, ಸುಳ್ಳು ಅಂತ ಹೇಳ್ತಿಲ್ಲ. ಆದ್ರೆ ಮೇಲೆ ಒಪ್ಪದೇ ಇದ್ದದ್ದನ್ನ ದಾಖಲೆ ತಿದ್ದುಪಡಿ ಅಂತ ಕೇಳೋಕಾಗಲ್ಲ, ಅಲ್ಲಿ ತಪ್ಪಾಗಿ ಬಿಟ್ಟುಹೋದ ಸಾಲೇ ಇಲ್ಲ. ಗೆಜೆಟಲ್ಲಿ ಬಂದು ಬುಕ್ಕಿಗೆ ಏರಿಲ್ಲ ಅಂದ್ರೆ ಮಾತ್ರ ಕೇಳಬಹುದು, ಆಗ ಗೆಜೆಟ್ ಪ್ರತಿಯೇ ಸಾಕು. ಮೆನ್ಷನ್ ಇನ್ ಡಿಸ್ಪ್ಯಾಚಸ್, ಅಂದ್ರೆ ಒಳ್ಳೆ ಕೆಲಸಕ್ಕೆ ಯುದ್ಧದ ವರದಿಯಲ್ಲಿ ಹೆಸರು ಬರೋ ಗೌರವ ಕೂಡ ಹೀಗೇ, ಅದಕ್ಕೆ ಬೇರೆ ಮೆಡಲ್ ಇಲ್ಲ, ರಿಬ್ಬನ್ ಮೇಲೆ ತಾವರೆ ಎಲೆಯ ಚಿಹ್ನೆ ಅಷ್ಟೇ, ಹಾಗಾಗಿ ಮನೆಯವರಿಗೆ ಗೊತ್ತೇ ಆಗಿರಲ್ಲ.

ಇದಕ್ಕೆ ಎಲ್ಲರೂ ಮಡಿಕೇರಿಯ ದೇವಯ್ಯ ಸರ್ಕಲ್ ಕಡೆ ಕೈ ತೋರಿಸ್ತಾರೆ, 23 ವರ್ಷ ಆದಮೇಲೆ ಕೊಟ್ಟಿಲ್ವಾ ಅಂತ. ನಿಜ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ಕ್ಕೆ ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲಿನ ದಾಳಿಗೆ ಮಿಸ್ಟೇರ್ ವಿಮಾನದಲ್ಲಿ ಹೋದವರು ವಾಪಸ್ ಬರಲಿಲ್ಲ. ಅಲ್ಲಿ ಏನಾಯ್ತು ಅಂತ ಈ ಕಡೆ ಯಾರಿಗೂ ಗೊತ್ತಿರಲಿಲ್ಲ. ತನ್ನದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನವನ್ನ ಅವರು ಹೊಡೆದುರುಳಿಸಿದ್ರು ಅನ್ನೋದು ಗೊತ್ತಾಗಿದ್ದು 1979ರಲ್ಲಿ, ಅದೂ ಪಾಕಿಸ್ತಾನದ ಕಡೆಯ ಮಾಹಿತಿ ಇಟ್ಕೊಂಡು ಬ್ರಿಟಿಷ್ ಲೇಖಕರೊಬ್ಬರು ಬರೆದ ಪುಸ್ತಕದಿಂದ. 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಬಂತು. ಅಲ್ಲಿ ಹಳೇ ಕಾಗದ ಹುಡುಕಿ ಸಿಕ್ಕಿದ್ದಲ್ಲ, ಹೊಸ ಸಾಕ್ಷಿ ಬಂತು, ಅದೂ ಶತ್ರು ದೇಶದ ಕಡೆಯಿಂದ. ಅಂತಾದ್ದು ಎಷ್ಟು ಅಪರೂಪ ಅಂತ ನೀವೇ ಯೋಚನೆ ಮಾಡಿ.

ದುಡ್ಡು ಬರುತ್ತಾ?

ಮೊದಲ ಪ್ರಶ್ನೆ ಅಲ್ಲದಿದ್ರೂ ಮೂರನೇ ಪ್ರಶ್ನೆ ಇದೇ ಆಗಿರುತ್ತೆ. ಸರ್ವಿಸ್ ಮೆಡಲ್‌ಗೆ ತಿಂಗಳ ದುಡ್ಡು ಇಲ್ಲ. ಶೌರ್ಯ ಪದಕಕ್ಕೆ ಕೇಂದ್ರದಿಂದ ತಿಂಗಳ ಭತ್ಯೆ ಇದೆ, 2017ರಲ್ಲಿ ಅದನ್ನ ದುಪ್ಪಟ್ಟು ಮಾಡಿದ್ರು, ಪರಮವೀರ ಚಕ್ರಕ್ಕೆ 20,000, ಶೌರ್ಯಕ್ಕೆ ಕೊಡೋ ಸೇನಾ ಮೆಡಲ್‌ಗೆ 2,000 ಆಯ್ತು. ಯುದ್ಧದಲ್ಲಿ ಗಾಯ ಆದವರ ವೂಂಡ್ ಮೆಡಲ್ ನಮೂದು ಇದ್ರೆ ಆ ಗಾಯ ಎಲ್ಲಿ ಆಯ್ತು ಅನ್ನೋದಕ್ಕೆ ಒಂದು ಆಧಾರ ಆಗಬಹುದು, ಆದ್ರೆ ಅಂಗವೈಕಲ್ಯ ಪೆನ್ಷನ್‌ಗೆ ಬೇರೆಯೇ ಅರ್ಜಿ, ಬೇರೆಯೇ ದಾರಿ, ಎರಡನ್ನೂ ಒಂದೇ ಕಾಗದದಲ್ಲಿ ಕಲಸಬೇಡಿ.

ಅವರೇ ಇಲ್ಲದಿದ್ರೆ

ಹೆಂಡತಿ ಇದ್ರೆ ಅವರ ಸಹಿಯಲ್ಲೇ ಅರ್ಜಿ ಹೋಗ್ಲಿ, ಫ್ಯಾಮಿಲಿ ಪೆನ್ಷನ್ ಆದೇಶದ ಪ್ರತಿ, ಮರಣ ಪ್ರಮಾಣಪತ್ರ ಜೊತೆಗೆ. ಅವರೂ ಇಲ್ಲ ಅಂದ್ರೆ ಮಕ್ಕಳು ಹಾಕಬಹುದು, ಆದ್ರೆ ಅಣ್ಣತಮ್ಮಂದಿರು ಮೊದಲು ಕೂತು ಯಾರ ಹೆಸರಲ್ಲಿ ಅಂತ ತೀರ್ಮಾನ ಮಾಡ್ಕೊಳ್ಳಿ, ಮಿಕ್ಕವರ ಒಪ್ಪಿಗೆ ಪತ್ರ ಇಡಿ. ಜಾಗದ ಪಾಲಿನ ಜಗಳ ಮೆಡಲ್‌ಗೂ ಬಂದದ್ದನ್ನ ನಾನು ಕಂಡಿದ್ದೀನಿ, ರೆಕಾರ್ಡ್ ಆಫೀಸಿನವರು ಅಂತಾ ಫೈಲನ್ನ ಮುಟ್ಟೋಕೇ ಹೋಗಲ್ಲ.

ಅಜ್ಜನ ವಿಷಯ ಏನಾಯ್ತು ಅಂತ ಕೇಳೋರಿಗೆ: ಆರ್‌ಟಿಐ ಹಾಕಿದ್ವಿ, ಶೀಟ್ ರೋಲ್ ಪುಟದ ಪ್ರತಿ ಬಂತು. ಪೂರ್ವಿ ಸ್ಟಾರ್ ಅದರಲ್ಲಿ ಇದೆ. ಪಾರ್ಟ್ ಟೂ ಆರ್ಡರ್ ನಂಬರ್ ಸಮೇತ ನೀಲಿ ಇಂಕಲ್ಲಿ ಬರೆದಿದೆ, ಡಿಸ್ಚಾರ್ಜ್ ಬುಕ್ ಟೈಪ್ ಮಾಡಿದ ಪುಣ್ಯಾತ್ಮ ಆ ಒಂದು ಸಾಲು ಹಾರಿಸಿದ್ದಾನೆ. 25 ವರ್ಷದ ಸ್ವಾತಂತ್ರ್ಯದ ಮೆಡಲ್ಲೂ ಹಾಗೇ ಹಾರಿದೆ, ಅದನ್ನ ಅಜ್ಜ ಕೇಳಿಯೇ ಇರಲಿಲ್ಲ. ಈಗ ಬುಕ್ ತಿದ್ದೋಕೆ ಒರಿಜಿನಲ್ ಕಳಿಸಿ ಅಂತ ಪತ್ರ ಬಂದಿದೆ. ಅಜ್ಜ ಮಾತ್ರ ಬುಕ್ ಕೈಬಿಡೋಕೆ ಒಪ್ತಾ ಇಲ್ಲ, ಪೋಸ್ಟಲ್ಲಿ ಕಳೆದುಹೋದ್ರೆ ಏನು ಗತಿ ಅಂತ. ಕಾಫಿ ಕುಯ್ಲು ಮುಗೀಲಿ, ನಾನೇ ಜೊತೆಗೆ ಬರ್ತೀನಿ, ಕೈಯಲ್ಲೇ ಕೊಟ್ಟು ಬರೋಣ ಅಂತ ಹೇಳಿದ್ದೀನಿ.